ಹನ್ನೊಂದನೇ ಟವರಿನ ಬಾಗಿಲು

ಆರ್ವಿಲ್ ಟ್ವೇಟ್ ಒಳ್ಳೆಯ ಮನುಷ್ಯ ಎನ್ನುವವರು ಅವನ ಜೊತೆ ಒಂದು ವಾರವೂ ಕೆಲಸ ಮಾಡಿದವರಲ್ಲ. ಮಿನೆಸೋಟದ ಉತ್ತರದ ತುದಿಯಲ್ಲಿ ಕೆಟಲ್ ಬೇ ದೂರವಾಣಿ ಸಹಕಾರ ಸಂಘವಿದೆ. ಅಲ್ಲಿ ಅವನು ಹತ್ತೊಂಬತ್ತು ವರ್ಷ ಇದ್ದ, ಹತ್ತೊಂಬತ್ತು ವರ್ಷವೂ ಯಾರಿಗೂ ಸೊಪ್ಪು ಹಾಕಲಿಲ್ಲ.

ಸಂಘದ ಹನ್ನೊಂದು ಟವರುಗಳು ಕಾಡಿನಲ್ಲಿವೆ. ಪ್ರತಿ ಟವರಿನ ಬುಡದಲ್ಲೂ ಒಂದು ತಗಡಿನ ಕೋಣೆ, ಕೋಣೆಯೊಳಗೆ ಒಂದು ಕಂಪ್ಯೂಟರ್. ಲೈನು ಬದುಕಿದೆಯೋ ಸತ್ತಿದೆಯೋ ನೋಡುವ ಪ್ರೋಗ್ರಾಂ, ಕಚೇರಿಯಲ್ಲಿ ಕೂತೇ ಆ ಕಂಪ್ಯೂಟರಿನೊಳಗೆ ಹೋಗಲು ಬಾಗಿಲಾಗುವ ಪ್ರೋಗ್ರಾಂ, ಎಲ್ಲವನ್ನೂ ಆರ್ವಿಲ್ಲೇ ಮೂಲ ಕೋಡ್ ಇಳಿಸಿಕೊಂಡು, ಕಂಪೈಲ್ ಮಾಡಿ, ಅಂದರೆ ಆ ಯಂತ್ರದಲ್ಲಿ ಓಡುವಂತೆ ತಾನೇ ಕಟ್ಟಿ, ಕೂರಿಸಿದ್ದ. ಸಿದ್ಧ ಪ್ಯಾಕೇಜ್ ಎಂದರೆ ಅವನ ಪಾಲಿಗೆ ಇನ್ನೊಬ್ಬರು ಅಗಿದು ಬಾಯಿಗಿಟ್ಟ ತುತ್ತು. ಯಾವ ಯಂತ್ರದಲ್ಲಿ ಏನನ್ನು ಹೇಗೆ ಕಟ್ಟಿದ್ದೇನೆ ಎಂದು ಅವನು ಎಲ್ಲೂ ಬರೆದಿಟ್ಟವನಲ್ಲ. ಕೇಳಿದರೆ ಹಣೆ ಮುಟ್ಟಿ ತೋರಿಸುತ್ತಿದ್ದ. ಇದು ಸೋಮಾರಿತನ ಎಂದು ಕೆಲವರು ಅಂದುಕೊಂಡಿದ್ದರು. ಸೋಮಾರಿತನವಲ್ಲ, ಶುದ್ಧ ಕುತಂತ್ರ. ತಾನಿಲ್ಲದೆ ಟವರುಗಳು ನಡೆಯಬಾರದು, ಅಷ್ಟೇ ಅವನ ಆಸೆ.

ಎರಡು ವರ್ಷದ ಹಿಂದೆ ಡುಲೂತ್‌ನಿಂದ ನೇಡೀನ್ ಬೂಶೆ ಅವನ ಕೈಕೆಳಗೆ ಕೆಲಸಕ್ಕೆ ಬಂದಳು. ಇಬ್ಬರಿಗೂ ಮೊದಲ ದಿನದಿಂದಲೇ ಎಣ್ಣೆ ಸೀಗೇಕಾಯಿ. ಒಂದೇ ಮೈಕ್ರೋವೇವ್‌ನಲ್ಲಿ ಊಟ ಬಿಸಿ ಮಾಡಿಕೊಂಡು ಇವನು ಪಾರ್ಕಿಂಗ್ ಕಡೆ, ಅವಳು ಗೋಡೆ ಕಡೆ ಮುಖ ಮಾಡಿ ತಿನ್ನುತ್ತಿದ್ದರು. ಅವನು ಅವಳಿಗೆ ಕಲಿಸಿದ್ದು ಒಂದೇ ಪಾಠ: ಬಾಗಿಲಿನ ಪ್ರೋಗ್ರಾಂ ಬದಲಿಸಿದಾಗ, ಹೊಸ ವಿಂಡೋದಿಂದ ಒಳಗೆ ಹೋಗಿ ನೋಡುವ ತನಕ ಹಳೇ ವಿಂಡೋ ಮುಚ್ಚಬೇಡ. ಹೊಸ ಬಾಗಿಲು ಕೈಕೊಟ್ಟರೂ ಒಳಗಿದ್ದವನು ಒಳಗೇ ಇರುತ್ತಾನೆ. ಈ ಕಸುಬಿನವರೆಲ್ಲ ಪಾಲಿಸುವ ನೇಮ ಅದು.

ಜನವರಿಯಲ್ಲಿ ಆ ಬಾಗಿಲಿನ ಪ್ರೋಗ್ರಾಂನಲ್ಲೇ ಕಳ್ಳರು ನುಗ್ಗುವಂಥ ದೋಷ ಇದೆ ಎಂಬ ಸುದ್ದಿ ಬಂತು. ಹನ್ನೊಂದು ಕಡೆಯೂ ಬದಲಿಸಲೇಬೇಕು. ಸಂಘದ ಮ್ಯಾನೇಜರ್ ಡಾರ್ಲಾ ಕ್ವಿಸ್ಟ್ ಆರ್ವಿಲ್‌ನನ್ನು ಕರೆದು ನಿಲ್ಲಿಸಿಕೊಂಡೇ ಹೇಳಿದಳು.

"ಇದೊಂದು ಸಲ ನಿಮ್ಮ ದಾರೀಲೇ ಮಾಡಿ. ಒಂದೇ ಒಂದು ಟವರು ಕೈತಪ್ಪಿದ್ರೂ ಎಲ್ಲಾ ಕಡೆ ಪ್ಯಾಕೇಜ್ ಹಾಕಿಸ್ತೀನಿ. ಆಮೇಲೆ ನಿಮಗಿಲ್ಲಿ ಕೆಲಸ ಇರಲ್ಲ."

ಮಾರನೇ ಬೆಳಿಗ್ಗೆ ಏಳಕ್ಕೇ ಕೂತ ಆರ್ವಿಲ್ ಹನ್ನೊಂದರ ಹೊತ್ತಿಗೆ ಹತ್ತು ಟವರು ಮುಗಿಸಿದ. ಕೊನೆಯದು ಕಂಪೈಲ್ ಆಗುತ್ತಿದ್ದಾಗ ನೇಡೀನ್ ಕಾಫಿ ಹಿಡಿದು ಅವನ ಕುರ್ಚಿಯ ಹಿಂದೆ ಬಂದು ನಿಂತಳು.

"ನೀವು ಕೂತು ನಾಲ್ಕು ಗಂಟೆ ಆಯ್ತು. ಪ್ಯಾಕೇಜಾಗಿದ್ರೆ ಈ ಕಾಫಿ ಸೋಸೋದ್ರೊಳಗೆ ಮುಗಿಸ್ತಿದ್ದೆ."

"ನಿನ್ನ ಕಾಫಿ ಕುಡಿದು ನೋಡಿದೀನಿ. ನಿನ್ನ ಕೆಲಸಾನೂ ಹಂಗೇ ಇರುತ್ತೆ."

"ನಿಮ್ಮನ್ನ ಸಹಿಸ್ಕೊಂಡಿರೋದು ಆ ಟವರುಗಳು ಮಾತ್ರ ಆರ್ವಿಲ್. ಪಾಪ, ಅವಕ್ಕೆ ಬಾಯಿಲ್ಲ."

ಅವನ ಕಿವಿ ಕೆಂಪಾಯಿತು. ಪರೀಕ್ಷೆ ಮಾಡದೆ ಹೊಸ ಪ್ರೋಗ್ರಾಂ ಶುರು ಮಾಡಿ, ಅವಳಿಗೆ ತೋರಿಸಲೆಂದೇ ವಿಂಡೋ ಪಟ್ಟನೆ ಮುಚ್ಚಿ, "ಮುಗೀತು, ಹೋಗು" ಎಂದ. ಅವಳು ಪಕ್ಕದಲ್ಲಿದ್ದ ತನ್ನ ಮೇಜಿಗೆ ಹೋದಳು. ಅವನು ಮತ್ತೆ ಒಳಗೆ ಹೋಗಲು ನೋಡಿದ. ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ನೋಡಿದ. ಆಗಲೂ ಇಲ್ಲ.

ಕಾರಣ ಅವನಿಗೆ ತಕ್ಷಣ ಹೊಳೆಯಿತು. ಹೊಸ ಪ್ರೋಗ್ರಾಂಗೆ ಬೇಕಾದ ಲೈಬ್ರರಿ ಎಂಬ ಸಹಾಯಕ ಕೋಡಿನ ಕಟ್ಟನ್ನೂ ಅವನೇ ಕಂಪೈಲ್ ಮಾಡಿ ತನ್ನದೇ ಫೋಲ್ಡರಿನಲ್ಲಿ ಇಟ್ಟಿದ್ದ. ಅದು ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಸುವ ಒಂದು ಸಾಲು ಉಳಿದ ಹತ್ತರಲ್ಲೂ ಇತ್ತು. ಹನ್ನೊಂದನೇ ಟವರಿನ ಡಿಸ್ಕ್ ಅಕ್ಟೋಬರ್‌ನಲ್ಲಿ ಬದಲಾದಾಗ ಆ ಸಾಲು ಬಿಟ್ಟುಹೋಗಿತ್ತು. ಬರೆದಿಟ್ಟಿದ್ದರೆ ತಾನೇ ನೆನಪಾಗುವುದು.

ಆ ಹೊತ್ತಿಗೆ ಸರಿಯಾಗಿ ಡಾರ್ಲಾ ಒಳಗೆ ಬಂದಳು. "ಕೊನೇದೂ ಆಯ್ತಾ?"

"ಬಾಗಿಲು ಹಾಳಾಗಿದೆ," ಎಂದ ಆರ್ವಿಲ್. "ಬೆಳಿಗ್ಗೆ ನೇಡೀನ್ ಅದರೊಳಗೆ ಏನೋ ಕೈಯಾಡಿಸಿದ್ಳು."

ಹತ್ತೊಂಬತ್ತು ವರ್ಷದ ಕಸುಬುಗಾರ ಹೇಳಿದ ಮಾತು ಇದು. ನಾಚಿಕೆಗೇಡು.

ನೇಡೀನ್ ಕೂಗಾಡಲಿಲ್ಲ. ತನ್ನ ಲ್ಯಾಪ್‌ಟಾಪ್ ತಂದು ಇಬ್ಬರ ಮುಂದೆ ತಿರುಗಿಸಿಟ್ಟಳು.

"ಟವರಿನ ಬ್ಯಾಟರಿ ನೋಡೋಕೆ ಇಲ್ಲಿಂದಲೇ ಒಳಗೆ ಹೋಗಿದ್ದೆ, ನಿಜ. ಇನ್ನೂ ಒಳಗೇ ಇದೀನಿ. ಹಳೇ ವಿಂಡೋ ಮುಚ್ಚಿಲ್ಲ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಬಾಗಿಲು ಬದಲಿಸಿದ್ದು ಯಾರು ಅಂತ ಇಲ್ಲೇ ದಾಖಲಾಗಿದೆ, ಓದಿ."

ಡಾರ್ಲಾ ಓದಿದಳು. ಆರ್ವಿಲ್ ಕಡೆ ನೋಡಲೂ ಇಲ್ಲ.

"ಹೇಳಿ," ಎಂದಳು ನೇಡೀನ್. "ನಿಮ್ಮದನ್ನ ಕಿತ್ತು ಪ್ಯಾಕೇಜ್ ಹಾಕಲಾ? ಇಲ್ಲಾ ಈ ಚಳೀಲಿ ತೊಂಬತ್ತು ಮೈಲಿ ಗಾಡಿ ಓಡಿಸ್ಕೊಂಡು ಟವರಿಗೆ ಹೋಗ್ತೀರಾ? ಇಲ್ಲಾ ಏನ್ಮಾಡ್ಬೇಕು ಅಂತ ಬಾಯಿಬಿಡ್ತೀರಾ?"

ತಾನು ಕಟ್ಟಿದ್ದನ್ನು ಅವಳ ಕೈಯಲ್ಲಿ ಕೆಡವಿಸುವುದಕ್ಕಿಂತ ಬಾಯಿಬಿಡುವುದೇ ವಾಸಿ ಎನಿಸಿತು. ಹಲ್ಲು ಕಚ್ಚಿಕೊಂಡು ಆ ಒಂದು ಸಾಲು ಹೇಳಿದ. ಅವಳು ಅದನ್ನು ಟೈಪ್ ಮಾಡಿದಳು, ಬಾಗಿಲು ತೆರೆಯಿತು. ಆಮೇಲೆ ಅವಳು ಒಂದು ಖಾಲಿ ಫೈಲು ತೆಗೆದು, "ಲೈಬ್ರರಿ ಅಲ್ಲೇ ಯಾಕಿಟ್ರಿ?" ಎಂದು ಕೇಳಿದಳು.

ಅವನು ಒರಟಾಗಿ ಉತ್ತರಿಸಿದ. ಅವಳು ಮತ್ತೊಂದು ಕೇಳಿದಳು. ಮೂರನೇ ಪ್ರಶ್ನೆಗೆ ಅವನ ದನಿ ಸ್ವಲ್ಪ ಏರಿತು, ಐದನೆಯದಕ್ಕೆ ಕುರ್ಚಿ ಹತ್ತಿರ ಎಳೆದುಕೊಂಡ. ಇಷ್ಟು ವರ್ಷದಲ್ಲಿ ಯಾಕೆ ಎಂದು ಬಿಡಿಸಿ ಕೇಳಿದವರು ಯಾರೂ ಇರಲಿಲ್ಲ. ಯಾವ ಟವರಿನಲ್ಲಿ ಯಾವ ತೇಪೆ, ಯಾವ ಆವೃತ್ತಿ ನಂಬಬಾರದು, ಯಾವ ಆಯ್ಕೆ ಬಿಟ್ಟು ಕಂಪೈಲ್ ಮಾಡಬೇಕು, ಎಲ್ಲವೂ ಕಟ್ಟೆ ಒಡೆದಂತೆ ಬಂತು. ಅವಳು ಅಡ್ಡ ಬಾಯಿ ಹಾಕದೆ ಬರೆದುಕೊಂಡಳು. ಅವನು ತಿದ್ದಿದ ಕಡೆ ತಿದ್ದಿಕೊಂಡಳು. ಮಧ್ಯಾಹ್ನದ ಊಟವನ್ನು ಇಬ್ಬರೂ ಮರೆತರು.

ಮೂರು ಗಂಟೆಗೆ ಡಾರ್ಲಾ ಬಂದು ಅವನ ಭುಜದ ಮೇಲಿಂದ ಪರದೆ ನೋಡಿದಳು. ಹದಿನಾಲ್ಕು ಪುಟ ಆಗಿತ್ತು.

"ಇದನ್ನ ನೋಡ್ಕೊಂಡು ಇವಳೊಬ್ಬಳೇ ಮಾಡಬಲ್ಲಳಾ?"

"ಇವಳೇನು," ಎಂದ ಆರ್ವಿಲ್, ಹೆಮ್ಮೆಯಿಂದ ಎದೆ ಉಬ್ಬಿಸಿ. "ಇಷ್ಟು ಬಿಡಿಸಿ ಹೇಳಿದ್ಮೇಲೆ ಯಾರು ಬೇಕಾದ್ರೂ ಮಾಡ್ತಾರೆ."

"ಅಷ್ಟೇ ತಿಳೀಬೇಕಿತ್ತು," ಎಂದಳು ಡಾರ್ಲಾ. "ಟವರುಗಳ ಬೀಗದ ಕೈ ಅವಳಿಗೆ ಕೊಡಿ."

ಆರ್ವಿಲ್ ನೇಡೀನ್ ಮುಖ ನೋಡಿದ. ಅವಳು ಫೈಲನ್ನು ಉಳಿಸಿ, ಅಂಗೈ ಚಾಚಿದಳು.