ಆಯ್ತಣ್ಣನ ಆಯ್ತು

ಪರದೆ ಹೊಲಿಯುವ ಆ ಅಂಗಡಿಯ ಕಟಿಂಗ್ ಮಾಸ್ಟರಿಗೆ ಹೆತ್ತವರಿಟ್ಟ ಹೆಸರೊಂದು ಇರಲೇಬೇಕು. ಅದು ಯಾರ ನೆನಪಿನಲ್ಲೂ ಉಳಿದಿರಲಿಲ್ಲ. ಏನು ಹೇಳಿದರೂ ‘ಆಯ್ತು’ ಎನ್ನುವ ಅವರು ಎಲ್ಲರಿಗೂ ಆಯ್ತಣ್ಣ. ಅವರ ಬಾಯಿಂದ ಆ ಮಾತು ಬಿತ್ತೆಂದರೆ ಗಿರಾಕಿ ನಿಶ್ಚಿಂತೆಯಿಂದ ಮನೆಗೆ ಹೋಗಬಹುದಿತ್ತು. ಆಯ್ತಣ್ಣನಿಗಿದ್ದ ಹೆಮ್ಮೆ ಅದೊಂದೇ.

ಕೆಳಗೆ ಅಂಗಡಿ, ಮಹಡಿಯಲ್ಲಿ ಹೊಲಿಗೆ. ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಕೂಗಿ ಯಜಮಾನಿಯ ಗಂಟಲು ಕಟ್ಟಿತ್ತು. ಅದಕ್ಕೇ ಅವರು, ಕೆಲಸವನ್ನು ಒಬ್ಬರಿಂದ ಒಬ್ಬರಿಗೆ ತಾವೇ ದಾಟಿಸಿ, ಕೊನೆಗೆ ಗಿರಾಕಿಗೂ ತಿಳಿಸುವ ಎರಡು ಸಾಫ್ಟ್‌ವೇರುಗಳನ್ನು ಪರೀಕ್ಷೆಗೆಂದು ತರಿಸಿದರು. ಒಂದು ಬಣ್ಣಬಣ್ಣದ್ದು, ಗುಂಡಿ ಒತ್ತಿದರೆ ಗಿಣಿಯಂತೆ ಉಲಿಯುತ್ತಿತ್ತು. ಇನ್ನೊಂದು ಸಪ್ಪೆ ಮೋರೆಯದು. ಗುಂಡಿಯ ಮೇಲಿನ ಮಾತನ್ನೂ ನಾವೇ ಬರೆದುಕೊಳ್ಳಬೇಕು.

“ಅದನ್ನೂ ನಾವೇ ಬರೀಬೇಕಂದ್ರೆ ಇದು ಇರೋದ್ಯಾಕೆ?” ಎಂದ ಯಜಮಾನಿ ಗಿಣಿಗೇ ಮನಸೋತರು.

ಮಹಡಿಗೆ ಟ್ಯಾಬ್ಲೆಟ್ ಬಂತು. ಮೊದಲ ಕೆಲಸ ಎದುರುಗಡೆಯ ಡಾಕ್ಟರಮ್ಮನ ಕ್ಲಿನಿಕ್ಕಿನದು. ಗಾಜಿನ ಪರದೆಯ ಮೇಲೆ ಬಟ್ಟೆಯ ಪರದೆಯ ಅಳತೆ ಮೂಡಿತು. ಅದರ ಕೆಳಗೆ ಒಂದೇ ಗುಂಡಿ: ‘ಆಯ್ತು’.

“ನೋಡಿದ್ಯೇನಮ್ಮಾ, ಇದಕ್ಕೂ ನನ್ ಮಾತೇ ಕಲಿಸಿದಾರೆ!” ಎಂದು ಹೊಲಿಯುವಾಕೆಗೆ ತೋರಿಸಿ ಆಯ್ತಣ್ಣ ಒತ್ತಿಯೇಬಿಟ್ಟರು. ಗಿಣಿ ಉಲಿಯಿತು. ಅಣ್ಣನೇ ಒತ್ತಿದ ಮೇಲೆ ತಮ್ಮದೇನೆಂದು ಹೊಲಿಯುವಾಕೆಯೂ ಒತ್ತಿದಳು, ಇಸ್ತ್ರಿಯವನೂ ಒತ್ತಿದ.

ಆಯ್ತಣ್ಣ ಇನ್ನೂ ಕತ್ತರಿ ಒರೆಸುತ್ತಿದ್ದರು, ಕೆಳಗೆ ಡಾಕ್ಟರಮ್ಮನ ದನಿ ಕೇಳಿಸಿತು. “ಪರದೆ ರೆಡಿ, ಬನ್ನಿ ಅಂತ ಮೆಸೇಜ್ ಬಂತು. ಹಳೇದೆಲ್ಲ ಬಿಚ್ಚಿಸಿ ಬಂದಿದೀನಿ. ಬೇಗ ಕೊಡಿ, ನನ್ ರೋಗಿಗಳು ಬೀದಿಗೆಲ್ಲಾ ಕಾಣ್ತಿದಾರೆ!”

ಬಟ್ಟೆಯ ಸುರುಳಿಯ ಕಟ್ಟನ್ನೇ ಇನ್ನೂ ಬಿಚ್ಚಿರಲಿಲ್ಲ.

“ಅಣ್ಣಾ, ಆಯ್ತು ಅಂತ ಒತ್ತಿದೀರಲ್ಲಾ!” ಯಜಮಾನಿ ಮತ್ತೆ ಕೂಗಬೇಕಾಯಿತು.

“ಹೂಂ ಮತ್ತೆ. ಕೆಲಸ ಕೊಟ್ರಿ, ‘ಆಯ್ತು, ಮಾಡ್ತೀನಿ’ ಅಂದೆ.”

“ಅದು ಆ ಆಯ್ತು ಅಲ್ಲಣ್ಣಾ! ಮುಗೀತು ಅನ್ನೋ ಆಯ್ತು!”

ಇಳಿದು ಬಂದ ಆಯ್ತಣ್ಣನನ್ನು ಡಾಕ್ಟರಮ್ಮ ಬೈಯಲಿಲ್ಲ. “ನೀವೇ ಹೀಗೆ ಮಾಡಿದ್ರೆ ಹೇಗೆ ಮಾಸ್ಟ್ರೇ?” ಎಂದರು, ಅಷ್ಟೆ. ಬೈದಿದ್ದರೇ ವಾಸಿಯಿತ್ತು. “ಸಂಜೆಗೆ ನಾನೇ ತಂದು ಹಾಕ್ತೀನಮ್ಮಾ,” ಎಂದರು ಆಯ್ತಣ್ಣ. ಆಯ್ತು ಎನ್ನಲು ನಾಲಿಗೆ ಏಳಲಿಲ್ಲ.

ಅಂದು ಮಹಡಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ಸಂಜೆ ಪರದೆ ತೂಗುಹಾಕಿ ಆಯ್ತಣ್ಣ ಮರಳಿದಾಗ ಯಜಮಾನಿ ಬಾಗಿಲಲ್ಲೇ ಕಾದಿದ್ದರು.

“ಏನಂದ್ರು?”

“ಪರದೆ ಎಳೆದು ನೋಡಿ, ‘ಈಗ ಆಯ್ತು’ ಅಂದ್ರು,” ಎಂದರು ಆಯ್ತಣ್ಣ. ಬಾಡಿದ್ದ ಮುಖ ಅರಳಿತ್ತು.

ಗಿಣಿಗೆ ಬೀಳ್ಕೊಡುಗೆಯಾಗಿತ್ತು. ಯಜಮಾನಿ ಸಪ್ಪೆ ಮೋರೆಯದನ್ನು ತೆರೆದು ಕೂತರು. “ಗುಂಡಿ ಮೇಲೆ ಏನಂತ ಬರೀಲಿ, ನೀವೇ ಹೇಳಿ.”

“ಕೆಲಸ ಬಂದಾಗ ‘ಹೂಂ’. ಆದ್ಮೇಲೆ ‘ಮುಗೀತು’.”

“ಮತ್ತೆ ನಿಮ್ ಮಾತು?”

“ಅದು ನನ್ ಬಾಯಲ್ಲೇ ಇರ್ಲಿ ತಾಯಿ.”

“ಸರಿ. ಇನ್ಮೇಲೆ ಮುಗಿಯೋ ಮುಂಚೆ ‘ಮುಗೀತು’ ಒತ್ತಬೇಡಿ.”

“ಆಯ್ತು.”

ಯಜಮಾನಿ ಬೆರಳು ಗಾಳಿಯಲ್ಲೇ ನಿಲ್ಲಿಸಿ ಕೇಳಿದರು: “ಯಾವ ಆಯ್ತಣ್ಣಾ?”