ಯಾರೂ ಕೈ ಹಚ್ಚಬ್ಯಾಡ್ರಿ

ಸಿಂದಗಿಯ ಬಸಂತರಾಯ ಸುಟ್ಟ ಮೋಟರುಗಳ ಮೇಲೆ ಬದುಕಿದ ಮನುಷ್ಯ. ಬಾವಿ ಮೋಟರು, ಬೋರಿನ ಮೋಟರು, ಹಿಟ್ಟಿನ ಗಿರಣಿ ಮೋಟರು, ಯಾವುದು ಸುಟ್ಟರೂ ಬಸ್ ಸ್ಟ್ಯಾಂಡಿನ ಹಿಂದಿದ್ದ ಅವನ ಅಂಗಡಿಗೆ ಬರುತ್ತಿತ್ತು. ಒಳಗಿನ ಕರಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಚ್ಚಿ ಒಣಗಿಸಿ ಕೊಡುವುದು ಅವನ ಕಸಬು. ಹರೆಯದಲ್ಲಿ ಸೊಲ್ಲಾಪುರದ ಮಿಲ್ಲಿನಲ್ಲಿ ಬೈಸಿಕೊಂಡು ಕಲಿತದ್ದು. ತೊಂಬತ್ತರ ದಶಕದಲ್ಲಿ ಕರೆಂಟು ಬಂದರೂ ಬಲ್ಬಿನ ತಂತಿ ಕೆಂಪಾಗಿ ಕೂಡುತ್ತಿತ್ತೇ ಹೊರತು ಬೆಳಕು ಬೀಳುತ್ತಿರಲಿಲ್ಲ, ಅಷ್ಟು ಕಡಿಮೆ ವೋಲ್ಟೇಜಿಗೆ ಮೋಟರು ಸುಡುತ್ತಿದ್ದವು. ತಾಲೂಕಿನ ರೈತರು ವಿದ್ಯುತ್ ಕಚೇರಿಯ ಮುಂದೆ ಧರಣಿ ಕೂತರು. ಬಸಂತರಾಯನೂ ಅಂಗಡಿಗೆ ಕೀಲಿ ಹಾಕಿ ಹೋಗಿ ಕೂತ.

"ವೋಲ್ಟೇಜ್ ಸರಿ ಆದ್ರ ನಿನ್ನ ಅಂಗಡಿ ಮುಚ್ಚತೈತಲೋ, ನೀ ಯಾಕ ಬಂದಿ?" ಅಂತ ಪಕ್ಕದವರು ನಕ್ಕರು.

"ಸುಟ್ಟ ವಾಸನಿ ಕುಡದು ಕುಡದು ಸಾಕಾಗೇತಿ. ಸರಕೊಂಡು ಕುಂದರ್ರಿ, ಬಿಸಲಾಗ ಅದೇನಿ" ಅಂದ.

ಇಷ್ಟೇ ಅವನ ಮಾತು. ಒರಟು ಮನುಷ್ಯ, ಹಟಮಾರಿ. ಹಿಡಿದದ್ದು ಬಿಡಲಾರ, ಬಿಟ್ಟದ್ದು ಹಿಡಿಯಲಾರ.

ಎರಡು ಸಾವಿರದ ಏಳರಲ್ಲಿ ತಾಮ್ರದ ತಂತಿ ತರಲು ಪುಣೆಗೆ ಹೋದಾಗ ಒಂದು ಬಯಲಿನಲ್ಲಿ ಜನ ಗುಂಪಾಗಿ ನಿಂತದ್ದು ಕಂಡ. ಬಂಡೆಗಳ ನಡುವೆ ಮೊಣಕಾಲೆತ್ತರದ ಒಂದು ಗಾಡಿ ತೆವಳುತ್ತಿತ್ತು. ಒಬ್ಬ ಗೃಹಸ್ಥ ಗಾಡಿಯನ್ನು ಮುಟ್ಟದೆ ನಡೆಸುವ ರೇಡಿಯೋ ಡಬ್ಬಿ ಕೈಯಲ್ಲಿ ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದ. ಓಡುವ ಆಟವಲ್ಲ ಅದು. ಆನೆಯಂಥ ಕಲ್ಲು ಕಂಡರೆ ಗಾಡಿ ನಿಲ್ಲುತ್ತಿತ್ತು, ಒಂದು ಗಾಲಿ ಮೇಲಿಡುತ್ತಿತ್ತು, ತಡಕಾಡುತ್ತಿತ್ತು, ಮತ್ತೊಂದು ಇಡುತ್ತಿತ್ತು. ನೆಟ್ಟ ಕೋಲುಗಳ ನಡುವೆ ಹಾಯ್ದು ಹೋಗಬೇಕು, ಕೋಲಿಗೆ ತಾಗಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದೇ: ಮನುಷ್ಯನ ಕೈ ಗಾಡಿಗೆ ಮುಟ್ಟಬಾರದು. ಮುಟ್ಟಿದರೆ ಆಟ ಮುಗಿಯಿತು.

ಬಸಂತರಾಯ ಬಸ್ಸು ತಪ್ಪಿಸಿಕೊಂಡು ಅಲ್ಲೇ ನಿಂತ. ತಂತಿಗೆಂದು ಒಯ್ದ ರೊಕ್ಕದಲ್ಲಿ ರೇಡಿಯೋ ಡಬ್ಬಿ, ಅದರ ಮಾತು ಕೇಳಲು ಗಾಡಿಯೊಳಗೆ ಕೂರುವ ಪೆಟ್ಟಿಗೆ ಎರಡೂ ಕೊಂಡು ಊರಿಗೆ ಬಂದ. ಮುಂದಿನ ಚಳಿಗಾಲಕ್ಕೆ ವಿಜಾಪುರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಂಥದ್ದೇ ಸ್ಪರ್ಧೆ ಇದೆ, ಯಾರು ಬೇಕಾದರೂ ಬರಬಹುದು ಅಂತ ಆ ಗೃಹಸ್ಥ ಹೇಳಿದ್ದ. ಯಾರ ಕೈಯೂ ಹತ್ತದೆ ತನ್ನ ಗಾಡಿ ಅಲ್ಲಿ ಕಲ್ಲು ಏರಬೇಕು. ಐವತ್ತು ದಾಟಿದ ಮನುಷ್ಯನ ತಲೆಯಲ್ಲಿ ಇದೊಂದೇ ಹೊಕ್ಕು ಕೂತಿತು.

ರೇಡಿಯೋ ಬಿಟ್ಟರೆ ಉಳಿದದ್ದೆಲ್ಲ ಇಲ್ಲೇ ಆಗಬೇಕಿತ್ತು, ಮತ್ತು ಯಾವುದೂ ಒಂದೇ ಸಲಕ್ಕೆ ಆಗಲಿಲ್ಲ. ಬ್ಯಾಟರಿ ಮೇಲೆ ನಡೆಯುವ ಡ್ರಿಲ್ ಮಷೀನು ಎರಡು ಒಡೆದು, ಮೋಟರು ಮತ್ತು ಗೇರು ತೆಗೆದು ಮುಂದೊಂದು ಹಿಂದೊಂದು ಕೂರಿಸಿದ. ಒಂದು ಗಾಲಿ ಗಾಳಿಯಲ್ಲಿ ಎದ್ದರೆ ಜೋರೆಲ್ಲ ಅದಕ್ಕೇ ಹರಿದು ಅದು ಗಿರಗಿರ ತಿರುಗುತ್ತಿತ್ತು, ನೆಲದ ಮೇಲಿನ ಗಾಲಿ ಸರಕಾರಿ ನೌಕರನ ಹಾಗೆ ಸುಮ್ಮನೆ ಕೂತಿರುತ್ತಿತ್ತು. ಎರಡೂ ಕೂಡಿ ತಿರುಗಲಿ ಅಂತ ಅಚ್ಚಿನೊಳಗಿನ ಗೇರಿನ ಹಲ್ಲುಗಳಿಗೆ ವೆಲ್ಡಿಂಗ್ ಹೊಡೆಸಿದ. ವೆಲ್ಡಿಂಗ್ ಬಿಟ್ಟಿತು. ಮತ್ತೆ ಹೊಡೆಸಿದ. ಈ ಸಲ ವೆಲ್ಡಿಂಗ್ ನಿಂತಿತು, ಅಚ್ಚು ತಿರುಚಿ ಚಕ್ಕಲಿಯಾಯಿತು. ಬೆಳೆಗೆ ಹುಳದ ಎಣ್ಣೆ ಹೊಡೆಯುವ ಪಂಪಿನ ಸ್ಪ್ರಿಂಗು ಹಾಕಿದರೆ ಗಾಡಿ ಕಪ್ಪೆಯಂತೆ ಕುಪ್ಪಳಿಸಿತು. ಗಾಲಿಗೆ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರು ಕತ್ತರಿಸಿ, ಒಳಗೆ ಸ್ಪಂಜು ತುಂಬಿ ಅಂಟಿಸಿದ. ಮೊದಲ ಬಿಸಿಲಿಗೆ ಅಂಟು ಬಿಟ್ಟು ರಬ್ಬರು ಸುಲಿದು ಬಂತು. ಅಂಗಡಿಗೆ ಬಂದ ರೈತರು ತಮ್ಮ ಮೋಟರು ಎಲ್ಲಿ ಅಂತ ಕೇಳಿದರೆ ಉರಿದುಬೀಳುತ್ತಿದ್ದ.

ಹೆಂಡತಿ ವಿದ್ಯಾವತಿ ಸಾಲಿ ಮಾಸ್ತರ್ತಿ. ಮಸೂತಿ ಊರಿನವಳು, ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ.

"ಏನ್ರಿ, ನಮ್ಮ ಮನಿ ಗ್ರೈಂಡರ್ ಸತ್ತು ಆರು ತಿಂಗಳಾತು. ಅದಕ್ಕೂ ನಾಕ ಗಾಲಿ ಹಚ್ಚಲೇನು? ಆವಾಗರ ಅದರ ಕಡಿ ನೋಡ್ತೀರಿ" ಅಂದಳು.

"ಇದು ಆಟಿಗಿ ಸಾಮಾನಲ್ಲ."

"ಹೌದ್ರಿ. ಆಟಿಗಿ ಸಾಮಾನು ಪ್ಯಾಟ್ಯಾಗ ಸಿಗತೈತಿ. ಇದು ಎಲ್ಲೂ ಸಿಗೂದಿಲ್ಲ."

ಬ್ಯಾಟರಿ ಎಲ್ಲಿಡಬೇಕು ಅನ್ನುವಲ್ಲಿ ಮಾತ್ರ ಬಸಂತರಾಯ ಒಂದು ಕ್ಷಣವೂ ಯೋಚಿಸಲಿಲ್ಲ. ಟ್ರ್ಯಾಕ್ಟರಿನ ಜೋರು ಇರುವುದು ಹಿಂದಿನ ಗಾಲಿಯಲ್ಲಿ, ಭಾರ ಬೀಳಬೇಕಾದ್ದು ಅಲ್ಲೇ. ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಹಿಂದಿನ ಅಚ್ಚಿನ ಮೇಲೆ ಪಟ್ಟಿ ಬಿಗಿದು ಬ್ಯಾಟರಿ ಕೂರಿಸಿದ.

ಪರೀಕ್ಷೆ ಮಾಡಲು ಜಾಗ ಹತ್ತಿರವೇ ಇತ್ತು. ಅಬ್ದುಲಗನಿ ಮುದ್ದೇಬಿಹಾಳದ ಕಡೆಯಿಂದ ಟೆಂಪೋದಲ್ಲಿ ಫರ್ಸಿ ಕಲ್ಲು, ಅಂದರೆ ಮನೆಗೆ ಹಾಸುವ ಚಪ್ಪಡಿ, ತಂದು ಅಂಗಡಿಯ ಎದುರಿಗೇ ಮಾರುತ್ತಿದ್ದ. ಒಡೆದ ಚಪ್ಪಡಿಗಳ ಗುಡ್ಡೆ ಅವನ ಜಾಗದಲ್ಲಿ ಮನುಷ್ಯನ ಎತ್ತರ ಬೆಳೆದಿತ್ತು. ಆ ಗುಡ್ಡೆಯ ನೆರಳಿಗೆ ಇಂಡಿ ತಾಲೂಕಿನ ಲಿಂಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ಸುಂದರವ್ವ ಕೂಡುತ್ತಿದ್ದಳು. ಬಸಂತರಾಯ ಗಾಡಿ ತಂದು ಕಲ್ಲಿಗೆ ಬಿಟ್ಟ.

ಗಾಡಿ ಎರಡು ಚಪ್ಪಡಿ ಏರಿತು. ಮೂರನೆಯದಕ್ಕೆ ಮೂತಿ ಮೇಲೆದ್ದಿತು. ಅಬ್ದುಲಗನಿ ಕೈ ಚಾಚಿ ಮೂತಿಯ ಮೇಲೆ ಒಂದು ಬೆರಳಿಟ್ಟು ಒತ್ತಿದ. ಗಾಡಿ ಏರಿ ಹೋಯಿತು.

"ಏರಿತಲ್ಲೋ ಬಸಂತಾ" ಅಂದ.

"ಎಲ್ಲಿ ಏರಿತು? ನೀ ಏರಿಸಿದಿ. ಗನಿ ಮಾಮಾ, ಕೈ ಹಚ್ಚಬಾರದಂತ ಹೇಳೇನಿಲ್ಲ?"

"ಒಂದ ಬಟ್ಟ ಹಚ್ಚೇನಿ. ಅದೇನು ಕೈ ಆತೇನು?"

ಇದು ಅಬ್ದುಲಗನಿಯ ತಪ್ಪಷ್ಟೇ ಅಲ್ಲ. ಎರೆ ಭೂಮಿಯ ಜನ ನಾವು. ಮಳೆಗಾಲದಲ್ಲಿ ಬಂಡಿ ಗಾಲಿಯ ನಡುವಿನ ಗುಂಬದವರೆಗೆ ಹೂತುಹೋದರೆ ದಾರಿಯಲ್ಲಿ ಬಂದವ ಯಾವ ಜಾತಿ, ಯಾವ ಊರು ಅಂತ ಯಾರೂ ಕೇಳುವುದಿಲ್ಲ. ತಲೆಯ ಮೇಲಿನ ಗಂಟು ಇಳಿಸಿ ಗಾಲಿಗೆ ಹೆಗಲು ಕೊಡಲೇಬೇಕು. ಕೊಡದೆ ಹಾಯ್ದು ಹೋದವನಿಗೆ ಸಂಬಂಧ ಕುದುರುವುದೂ ಕಷ್ಟ. ಸಿಕ್ಕಿಬಿದ್ದ ಗಾಲಿ ಕಂಡರೆ ಇಲ್ಲಿಯವರ ಕೈ ತಲೆಯನ್ನು ಕೇಳುವುದಿಲ್ಲ.

ಹಾಗಾಗಿ ದಿನವೂ ಅದೇ ರಾಮಾಯಣ. ಗಾಡಿ ವಾಲಿದರೆ ಚಹಾ ಕುಡಿಯುತ್ತ ನಿಂತವ ಬಸಿ ಕೆಳಗಿಟ್ಟು ಹಿಡಿಯುತ್ತಿದ್ದ. ಗಾಲಿ ಸಂದಿಯಲ್ಲಿ ಸಿಕ್ಕರೆ ಸುಂದರವ್ವ ಕೂತಲ್ಲಿಂದಲೇ ಕೋಲು ಹಾಕಿ ಮೀಟುತ್ತಿದ್ದಳು.

"ಯವ್ವಾ, ಮುಟ್ಟಬ್ಯಾಡ ಅಂದ್ರ ತಿಳಿಯೂದಿಲ್ಲೇನು?"

"ಬೀಳೂದು ಕಂಡು ಸುಮ್ನ ಕುಂದರಾಕ ನಾ ಏನು ಕಲ್ಲೇನೋ ತಮ್ಮಾ? ಕಲಿತ ಮಂದಿ ಆಟ ಇದು. ಬಿದ್ದದ್ದನ್ನ ಎತ್ತಬಾರದಂತ, ನಿಂತು ನೋಡಬೇಕಂತ."

ಬಸಂತರಾಯ ಕೂಗಾಡಿದ. ಹಗ್ಗ ಕಟ್ಟಿದ, ಹಗ್ಗ ದಾಟಿ ಬಂದು ಹಿಡಿದರು. ಬೆಳಗಾಗುವ ಹೊತ್ತಿಗೆ ಒಬ್ಬನೇ ಬಂದು ನೋಡಿದ. ಆಗ ಗಾಡಿಯ ಮೂತಿ ಎದ್ದರೆ ಅವನದೇ ಕಾಲು ಮುಂದೆ ಹೋಗಿ ಕೆರದ ತುದಿ ಹಿಂದಿನಿಂದ ಆನಿಕೆ ಕೊಡುತ್ತಿತ್ತು. ವರ್ಷದ ದುಡಿಮೆ, ಪುಣೆಯ ರೇಡಿಯೋ, ಬಿದ್ದು ಒಡೆದರೆ ಮತ್ತೆ ಎಲ್ಲಿಂದ ತರುವುದು. ಕೆರ ಕೈಯಲ್ಲವಲ್ಲ ಅಂತ ತನಗೇ ಸಮಾಧಾನ ಹೇಳಿಕೊಂಡ. ಸ್ಪರ್ಧೆಯ ದಿನ ಬರುವ ಹೊತ್ತಿಗೆ ಆ ಗಾಡಿ ಒಂದು ಸಲವೂ ಬಿದ್ದಿರಲಿಲ್ಲ.

ಅಬ್ದುಲಗನಿಯ ಟೆಂಪೋದಲ್ಲೇ ವಿಜಾಪುರಕ್ಕೆ ಹೋದರು. ವಿದ್ಯಾವತಿ ಸಾಲಿಗೆ ರಜೆ ಹಾಕಿ ರೊಟ್ಟಿ ಕಟ್ಟಿಕೊಂಡು ಬಂದಳು. ಯಾಕೆ ಬಂದೆ ಅಂತ ಅವನು ಕೇಳಲಿಲ್ಲ. ದಾರಿಯುದ್ದ ಬಸಂತರಾಯ ಒಂದೇ ಮಾತು ಹೇಳಿದ. "ಗಾಡಿ ಸತ್ತ ಹೋದ್ರೂ ಮುಟ್ಟಬ್ಯಾಡ ಮಾಮಾ. ನಾ ಅತ್ತರೂ ಮುಟ್ಟಬ್ಯಾಡ."

"ಅಲ್ಲಾನ ಆಣಿ, ಮುಟ್ಟೂದಿಲ್ಲ" ಅಂದ ಅಬ್ದುಲಗನಿ, ಸ್ಟೀರಿಂಗ್ ಬಿಟ್ಟು ಎರಡೂ ಕೈ ಎತ್ತಿ ತೋರಿಸಿದ.

"ರಸ್ತಾ ನೋಡ್ರಿ ಅಣ್ಣಾರ" ಅಂದಳು ವಿದ್ಯಾವತಿ.

ಕಾಲೇಜಿನ ಬಯಲಿನಲ್ಲಿ ಕಲ್ಲು ಒಟ್ಟಿ ಕೋಲು ನೆಟ್ಟಿದ್ದರು. ಬಸಂತರಾಯನ ಸರದಿ ಬಂತು. ಗಾಡಿ ಮೊದಲ ಜೋಡಿ ಕೋಲು ಹಾಯ್ದಿತು. ಎರಡನೆಯದರಲ್ಲಿ ಒಂದು ಗಾಲಿ ಗಾಳಿಯಲ್ಲಿದ್ದರೂ ಉಳಿದ ಮೂರು ಕಲ್ಲು ಹಿಡಿದವು. ವೆಲ್ಡಿಂಗ್ ತಡೆದುಕೊಂಡಿತು, ರಬ್ಬರು ಸುಲಿಯಲಿಲ್ಲ. ಹಿಂದೆ ನಿಂತ ಜನ ಹಗ್ಗದ ಹತ್ತಿರ ಸರಿದರು. ಮೂರನೆಯ ಜೋಡಿಯ ನಡುವೆ ಒಂದು ಕಡಿದಾದ ಬಂಡೆ. ಗಾಡಿ ಮುಂಗಾಲಿ ಇಟ್ಟಿತು. ಮೂತಿ ಮೇಲೆದ್ದಿತು.

ಹಗ್ಗದ ಆಚೆ ಅಬ್ದುಲಗನಿ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕಲ್ಲಾಗಿ ನಿಂತಿದ್ದ. ಮೂತಿ ಇನ್ನೂ ಎದ್ದಿತು. ಬಸಂತರಾಯನಿಗೆ ಹಿಂದೆ ತೆಗೆಯಬೇಕೋ ಮುಂದೆ ಒತ್ತಬೇಕೋ ತಿಳಿಯಲಿಲ್ಲ. ಇಷ್ಟರಾಚೆ ಈ ಗಾಡಿ ಏನು ಮಾಡುತ್ತದೆ ಅನ್ನುವುದನ್ನು ಅವನು ಕಂಡಿರಲೇ ಇಲ್ಲ. ಮುಂದೆ ಒತ್ತಿದ. ಗಾಡಿ ನೆಟ್ಟಗೆ ನಿಂತು, ಹಿಂದಿನ ಬ್ಯಾಟರಿಯ ಭಾರಕ್ಕೆ ಹಿಂದಕ್ಕೆ ಮಗುಚಿ, ಬಂಡೆಯ ಕೆಳಗೆ ಅಂಗಾತ ಬಿತ್ತು. ನಾಲ್ಕೂ ಗಾಲಿ ಮುಗಿಲು ನೋಡುತ್ತ ತಿರುಗಿದವು.

"ಕೈ ಹಚ್ಚಿ ಎತ್ತಿದ್ರ ಇಲ್ಲಿಗೆ ಮುಗೀತು ನೋಡ್ರಿ ಸರ್. ಇಲ್ಲಂದ್ರ ಹೊತ್ತು ಮುಗಿಯೂತನಕ ಪ್ರಯತ್ನ ಮಾಡ್ರಿ" ಅಂದ ಪಂಚನಾಗಿ ನಿಂತಿದ್ದ ಮಾಸ್ತರ.

ಪ್ರಯತ್ನ ಏನು ಮಾಡುವುದು. ಹಿಂದೆ ಒತ್ತಿದ, ಮುಂದೆ ಒತ್ತಿದ, ಗಾಲಿ ಎಡಕ್ಕೆ ಬಲಕ್ಕೆ ಹೊರಳಿಸಿದ. ಸೀಟಿ ಊದುವವರೆಗೆ ಒತ್ತುತ್ತಲೇ ನಿಂತ. ಯಾರೂ ಮುಟ್ಟಲಿಲ್ಲ.

ಟೆಂಪೋದ ಹತ್ತಿರ ಬಂದ ಮೇಲೆ ಸಿಟ್ಟು ಹೊರಬಿತ್ತು.

"ತಿಂಗಳಗಟ್ಲೆ ಬಟ್ಟ ಹಚ್ಚಿ ಹಚ್ಚಿ ಕೆಡಿಸಿದ್ರಿ. ಒಂದ ದಿನ ಬೀಳಾಕ ಬಿಟ್ಟಿದ್ರ ಭಾರ ಹಿಂದ ಆಗೇತಿ ಅಂತ ನನಗ ಅವತ್ತ ತಿಳೀತಿತ್ತು."

"ನನ್ನ ಬಟ್ಟ ಕೆಡಿಸ್ತು" ಅಂದ ಅಬ್ದುಲಗನಿ. ಅವನಿಗೂ ಸಿಟ್ಟು ಬಂದಿತ್ತು. "ಮತ್ತ ನಿನ್ನ ಕೆರ? ಮುಂಜಾನೆದ್ದು ಅದು ಏನು ಮಾಡ್ತಿತ್ತು? ಹಾಲು ಹಾಕಾಕ ಹೊಂಟಾಂವ ದಿನಾ ನೋಡ್ತಿದ್ದ, ನನಗ ಬಂದು ಹೇಳ್ತಿದ್ದ."

ಬಸಂತರಾಯ ಗಾಡಿಯನ್ನು ಟೆಂಪೋದೊಳಗೆ ಎತ್ತಿಟ್ಟ.

"ರೊಟ್ಟಿ ತಿನ್ರಿ ಇಬ್ರೂ. ಬೈಯಾಕ ಸಿಂದಗಿತನಕ ದಾರಿ ಐತಿ" ಅಂದಳು ವಿದ್ಯಾವತಿ. ಬಸಂತರಾಯ ತಿನ್ನಲಿಲ್ಲ. ಅಬ್ದುಲಗನಿ ತಿಂದ.

ಮರುದಿನ ಅಂಗಡಿಯ ಬಾಗಿಲು ತೆರೆಯದೆ, ಸುಟ್ಟ ಮೋಟರು ಹೊತ್ತು ಬಂದ ರೈತರನ್ನು ಕಟ್ಟೆಯ ಮೇಲೆ ಕೂರಿಸಿ, ಬಸಂತರಾಯ ಗಾಡಿ ಹಿಡಿದು ಫರ್ಸಿ ಗುಡ್ಡೆಗೆ ಬಂದ. ಅತ್ಯಂತ ಕಡಿದಾದ ಚಪ್ಪಡಿ ಆರಿಸಿ ಏರಿಸಿದ. ಮೂತಿ ಎದ್ದಿತು. ಸುಂದರವ್ವನ ಕೋಲು ಮುಂದೆ ಬಂತು. ಅಬ್ದುಲಗನಿ ಆ ಕೋಲು ಕಸಿದು ತನ್ನ ತೊಡೆಯ ಕೆಳಗಿಟ್ಟುಕೊಂಡು ಕೂತ.

ಗಾಡಿ ಮಗುಚಿ ಬಿತ್ತು. ಒಳಗಿನ ರೇಡಿಯೋದ ಪೆಟ್ಟಿಗೆ ಚಟ್ಟನೆ ಸೀಳಿತು. ಬಸಂತರಾಯ ಪಟ್ಟಿ ಬಿಚ್ಚಿ ಬ್ಯಾಟರಿ ಮುಂದಿನ ಅಚ್ಚಿನ ಮೇಲೆ ತಂದು ಬಿಗಿದ. ಮತ್ತೆ ಏರಿಸಿದ. ಈ ಸಲ ಹಿಂದಕ್ಕೆ ಬೀಳಲಿಲ್ಲ, ಬಲಕ್ಕೆ ಹೊರಳಿತು. ಬ್ಯಾಟರಿ ಇನ್ನೂ ಕೆಳಗಿಳಿಸಿದ. ಮತ್ತೆ ಬಲಕ್ಕೇ ಹೊರಳಿತು. ಯಾಕೆ ಅಂತ ತಿಳಿಯಲಿಲ್ಲ.

"ಎಷ್ಟ ಸಲ ಕೆಡವತಿ ಅದನ್ನ? ಕಣ್ಣಿಲೆ ನೋಡಾಕ ಆಗವಲ್ದು" ಅಂದಳು ಸುಂದರವ್ವ.

"ಅತ್ತಾಗ ತಿರುಗಿ ಕುಂದರು" ಅಂದು ಬಸಂತರಾಯ ಗಾಡಿಯನ್ನು ಮತ್ತೆ ಚಪ್ಪಡಿಯ ಬುಡಕ್ಕೆ ಇಟ್ಟ.