ಬೆಳ್ಳಗಾದ ಗುಳ್ಳವ್ವ

ಆಷಾಢದ ಮಂಗಳವಾರಗಳಲ್ಲಿ ನಮ್ಮ ಕಾಲೇಜಿನ ಹುಡುಗಿಯರ ಬುತ್ತಿಯನ್ನು ಕೇಳದೆ ಬಿಚ್ಚಬಾರದು. ಮೇಲಿನ ಡಬ್ಬಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಎಲ್ಲ ಸರಿಯಾಗಿಯೇ ಇರುತ್ತದೆ. ಕೆಳಗಿನ ಡಬ್ಬಿಯಲ್ಲಿ ಮಾತ್ರ ಹಸಿ ಮಣ್ಣು. ಇಲ್ಲಿಗೆ ಕನ್ನಡ ಕಲಿಸಲು ಬಂದ ಮೊದಲ ವರ್ಷ, ಹುಡುಗಿಯೊಬ್ಬಳು ಪ್ರೀತಿಯಿಂದ ಮುಂದಿಟ್ಟ ಬುತ್ತಿಯ ತಪ್ಪು ಮುಚ್ಚಳ ತೆಗೆದು, ಕಪ್ಪಗೆ ಮಿರುಗುತ್ತಿದ್ದುದನ್ನು ಎಣ್ಣೆಯಲ್ಲಿ ಕಲಸಿದ ಗುರೆಳ್ಳು ಚಟ್ನಿಯೆಂದು ಭಾವಿಸಿ ರೊಟ್ಟಿ ಅದ್ದಿದವಳು ನಾನು. ಅಂದು ಎದ್ದ ನಗು ಇಂದಿಗೂ ಸ್ಟಾಫ್ ರೂಮಿನಲ್ಲಿ ಪೂರ್ತಿ ಅಡಗಿಲ್ಲ.

ಮಣ್ಣು ಬರುವುದು ಗುಳ್ಳವ್ವನಿಗಾಗಿ. ಆಷಾಢದ ಮಂಗಳವಾರಗಳಂದು ನಮ್ಮ ಕಡೆ ಹೆಣ್ಣುಮಕ್ಕಳು ಹೊಲದ್ದೋ ಹಳ್ಳದ್ದೋ ಮಣ್ಣು ತಂದು ಗುಳ್ಳವ್ವನೆಂಬ ದೇವಿಯ ಬೊಂಬೆ ಮಾಡಿ, ಗುಲಗಂಜಿಯ ಕಣ್ಣಿಟ್ಟು, ಕುಸುಬಿಯ ಕಾಳಿನಿಂದ ಸಿಂಗರಿಸಿ, ಆರತಿ ಹಿಡಿದು ಮನೆಮನೆಗೆ ಹೋಗುತ್ತಾರೆ. ಹಳ್ಳಿಗಳಲ್ಲಿ ಇದು ಚಿಕ್ಕವರ ಆಟ. ಮೂಡಲಗಿಯ ಅಂಚಿನಲ್ಲಿರುವ ನಮ್ಮ ಪುಟ್ಟ ಮಹಿಳಾ ಕಾಲೇಜಿನಲ್ಲಿ ಮಾತ್ರ ಪದವಿ ಓದುವ ಹುಡುಗಿಯರಿಗೂ ಇದು ತಪ್ಪದ ನೇಮ, ಏಕೆಂದರೆ ಕಾಲೇಜಿಗೆ ತನ್ನ ಹೊಲ ಬಿಟ್ಟುಕೊಟ್ಟ ಅಜ್ಜಿಯೊಬ್ಬರ ಷರತ್ತು ಅದು. ಶಾಲೆಯ ಮೆಟ್ಟಿಲು ತುಳಿಯದಿದ್ದ ಆಕೆ ತನ್ನ ಮೂರ್ತಿ ಬೇಡ, ಫೋಟೋಕ್ಕೆ ಹಾರ ಬೇಡ ಎಂದು, ಎಲೆ ಅಡಿಕೆ ಜಗಿಯುತ್ತಲೇ ಹೇಳಿದ್ದರಂತೆ: “ಸಾಲಿ ಕಲತ ಹುಡಿಗಿ ಮಣ್ಣ ಮುಟ್ಟಾಕ ನಾಚಬಾರ್ದು. ಹೊಲದಾಗ ಆಕಿಗೆ ಪಾಲು ಕೊಡ್ತಾರೋ ಬಿಡ್ತಾರೋ, ಆಕಿದೂ ಒಂದ್ ಮಾತಾದ್ರೂ ಇರ್ಲಿ.” ದೊಡ್ಡ ದೊಡ್ಡ ಸಂಸ್ಥೆಗಳು ತಮ್ಮ ಧ್ಯೇಯೋದ್ದೇಶಗಳನ್ನು ಅಮೃತಶಿಲೆಯಲ್ಲಿ ಕೆತ್ತಿಸುತ್ತವೆ, ನಮ್ಮದು ಇಷ್ಟೇ, ಬಾಯಿಂದ ಬಾಯಿಗೆ ಬಂದದ್ದು.

ಹೀಗಾಗಿ ಪ್ರತಿಯೊಬ್ಬಳೂ ತನ್ನೂರಿನ ಮಣ್ಣನ್ನೇ ತರಬೇಕು. ಊರಿನಲ್ಲಾದರೆ ಗುಳ್ಳವ್ವನನ್ನು ಮರುದಿನವೇ ಊರ ಹೊರಗೆ ಬಿಟ್ಟುಬರುತ್ತಾರೆ. ನಾವು ಆಷಾಢ ಮುಗಿಯುವವರೆಗೆ ಪಡಸಾಲೆಯ ಕಟ್ಟೆಯ ಮೇಲೆ ಸಾಲಾಗಿ ಕೂರಿಸುತ್ತೇವೆ. ಮೇಲವಂಕಿಯ ಎರೆ ಮಣ್ಣಿನ ಗುಳ್ಳವ್ವ ಕಪ್ಪಗೆ ನುಣ್ಣಗೆ ಕೂತರೆ, ಗೋಕಾಕದ ಗುಡ್ಡದ ಕಡೆಯವಳು ಕೆಂಪಗೆ, ಮೈತುಂಬ ಹರಳು. ಹುಕ್ಕೇರಿಯ ಬಸ್‌ಸ್ಟ್ಯಾಂಡಿನ ಎದುರು ಹುಟ್ಟಿ ಬೆಳೆದು, ತುಳಸಿ ಕುಂಡದಲ್ಲಿರುವುದಷ್ಟನ್ನೇ ಮಣ್ಣೆಂದುಕೊಂಡಿದ್ದ ನನಗೆ, ಆ ಕಟ್ಟೆಯ ಮುಂದೆ ನಿಂತಾಗಲೆಲ್ಲ ಭೂಮಿಗೆ ಇಷ್ಟೊಂದು ಮುಖಗಳಿವೆಯೇ ಎಂದು ಬೆರಗಾಗುತ್ತದೆ. ನಾಲ್ಕು ಹರದಾರಿಯೊಳಗೆ ಇಷ್ಟು ಬಣ್ಣವಾದರೆ ಇಡೀ ಲೋಕದಲ್ಲಿ ಎಷ್ಟಿರಬೇಡ, ನೀವೇ ಹೇಳಿ.

ಈ ವರ್ಷ ಎರಡನೆಯ ವಾರಕ್ಕೆ, ಆಷಾಢದ ಗಾಳಿಗೆ ಮೂರ್ತಿಗಳೆಲ್ಲ ಒಣಗಿದ ಮೇಲೆ, ಮಸಗುಪ್ಪಿಯ ಸವಿತಾ ಮಾಡಿದ ಗುಳ್ಳವ್ವನ ಮುಖದ ಮೇಲೆ ತೆಳುವಾದ ಬಿಳುಪು ಕಾಣಿಸಿತು. ಹಣೆ, ಕೆನ್ನೆ, ಭುಜ ಎಲ್ಲ ನವಿರಾಗಿ ಬೆಳ್ಳಗೆ. “ಎಷ್ಟು ಚಂದ ವಿಭೂತಿ ಹಚ್ಚಿದ್ದೀಯೇ ಸವಿತಾ!” ಎಂದು ನಾನು ಹೊಗಳಿದೆ. ಅವಳು ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ಮಾಳವ್ವ, ಮೇಲವಂಕಿಯ ಕುರುಬರ ಹುಡುಗಿ, ಮೆಲ್ಲಗೆ ಹೇಳಿದಳು: “ಅದು ವಿಭೂತಿ ಅಲ್ರಿ ಮೇಡಂ, ಸವಳರಿ. ನಮ್ಮ ಕುರಿ ಇಂಥಾ ನೆಲ ಸಿಕ್ಕರ ನೆಕ್ಕಾಕ ನಿಂದರತಾವು.”

ಸವಳು, ಎಂದರೆ ನೆಲದ ಉಪ್ಪು. ಕಾಲುವೆಯ ನೀರು ಬಂದಾಗ ಊರಿಗೆ ಊರೇ ಹಿಗ್ಗಿತು, ಕಬ್ಬು ಆಳೆತ್ತರ ಬೆಳೆಯಿತು. ಆದರೆ ಅತಿಯಾದರೆ ಅಮೃತವೂ ವಿಷ. ಹರಿದುಹೋಗಲು ದಾರಿಯಿಲ್ಲದೆ ಬೇರಿನ ಬುಡದಲ್ಲಿ ನಿಂತ ನೀರು, ಆಳದಲ್ಲಿ ಯಾವ ಕಾಲದಿಂದಲೋ ಮಲಗಿದ್ದ ಉಪ್ಪನ್ನು ಎಬ್ಬಿಸಿ ಮೇಲಕ್ಕೆ ಕರೆತರುತ್ತದೆ. ಹೊಲದಲ್ಲಿ ಹಸಿರಿನ ಮರೆಯಲ್ಲಿ ಕಾಣದಿದ್ದದ್ದು ಗೇಣುದ್ದದ ಬೊಂಬೆಯ ಕೆನ್ನೆಯ ಮೇಲೆ ಅರಳಿ ನಿಂತಿತ್ತು. ಮಣ್ಣನ್ನು ಮೂಕವೆನ್ನುತ್ತೇವೆ, ನಮ್ಮ ಅಹಂಕಾರಕ್ಕೆ ಏನೆನ್ನಬೇಕು!

ಸವಿತಾಳ ಸಂಕಟ ಬೇರೆಯದೇ ಇತ್ತು. ಅದು ಅವರ ಬಾವಿ ಹೊಲದ ಮಣ್ಣು, ಮನೆಯವರೆಲ್ಲ ಬಂಗಾರವೆಂದು ನಂಬಿದ್ದು. ಅಲ್ಲಿ ಕಬ್ಬು ಗಿಡ್ಡವಾಗತೊಡಗಿದಾಗಲೇ, ನಿಂತ ನೀರು ಹೊರಗೆ ಹೋಗಲು ಬಸಿಗಾಲುವೆ ತೋಡೋಣ ಎಂದು ಅವಳು ಅಪ್ಪನಿಗೆ ಹೇಳಿದ್ದಳಂತೆ. “ಹೊಲದ ಮಾತು ನಿನಗ್ಯಾಕ? ನೀ ಸಾಲಿ ನೋಡ್ಕೋ” ಎಂದು ಅಪ್ಪ ಬಾಯಿ ಮುಚ್ಚಿಸಿ, ಗೊಬ್ಬರ ಹೆಚ್ಚಿಗೆ ಸುರಿದಿದ್ದರು. ಇನ್ನೆರಡು ಬೆಳೆ ಹೀಗೇ ಹೋದರೆ ಆ ಹೊಲದಲ್ಲಿ ಹುಲ್ಲೂ ಏಳುವುದಿಲ್ಲ ಎಂದಳು.

ಕೊನೆಯ ಮಂಗಳವಾರ ಎಲ್ಲರ ತಾಯಂದಿರು ಬುತ್ತಿ ಕಟ್ಟಿಕೊಂಡು ಬರುವ ರೂಢಿ, ಅಂಗಳದಲ್ಲೇ ಪಂಕ್ತಿ. ಸವಿತಾಳ ತಾಯಿಗೆ ಜ್ವರ ಬಂದಿದ್ದರಿಂದ ಬುತ್ತಿಯ ಗಂಟನ್ನು ಮೋಟರ್‌ಸೈಕಲ್ಲಿಗೆ ತೂಗುಹಾಕಿಕೊಂಡು ಅಪ್ಪನೇ ಬಂದರು. ಅವರನ್ನು ಕಂಡದ್ದೇ ಸವಿತಾ ಕಟ್ಟೆಯ ಕಡೆ ಓಡಿದಳು. ಹತ್ತು ಮಂದಿಯ ಮುಂದೆ ಮನೆಯ ಹೊಲದ ಮಾನ ತೆಗೆದಳೆಂದು ಅಪ್ಪ ಸಿಟ್ಟಾದರೆ ಕಾಲೇಜೇ ಬಿಡಿಸಿಯಾರೆಂಬ ಭಯ ಅವಳಿಗೆ, ನನಗೂ. ಗುಳ್ಳವ್ವನ ಮುಖವನ್ನು ಗೋಡೆಯ ಕಡೆ ತಿರುಗಿಸಲು ಕೈ ಚಾಚಿದವಳು, ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡು ಅಲ್ಲೇ ಬಾಜೂಕ್ಕೆ ನಿಂತಳು.

“ಇದರಾಗ ನಮ್ಮದ್ಯಾವುದು?” ಎಂದು ನಗುತ್ತ ಬಂದವರು ಬಿಳಿ ಮುಖದ ಮುಂದೆ ನಿಂತುಬಿಟ್ಟರು. ಬೆರಳಿನಿಂದ ಕೆನ್ನೆ ಸವರಿ ನಾಲಗೆಗೆ ಮುಟ್ಟಿಸಿಕೊಂಡರು.

“ಯಾವ ಹೊಲದ್ದು?”

“ಬಾಂವಿ ಹೊಲದ್ದಪ್ಪಾ.”

ಅವರ ಮುಖದಲ್ಲಿ ಸಿಟ್ಟು ಹುಡುಕಿದ ನನಗೆ ಕಂಡದ್ದು, ಮೈ ಸರಿಯಿಲ್ಲದ ತಾಯಿಯ ಹಣೆ ಮುಟ್ಟಿ ನೋಡಿದವರ ಗಾಬರಿ.

“ಕಾಲಿವಿ ಎಲ್ಲಿಂದ ಎಲ್ಲಿಗೆ ತೆಗೀಬೇಕಂತಿದ್ದಿ ನೀ?” ಎಂದರು ಮಗಳಿಗೆ. “ಅವತ್ತ ನಾ ಕಿವ್ಯಾಗ ಹಾಕ್ಕೊಳ್ಳಿಲ್ಲ. ಈಗ ಹೇಳವಾ.”

ಸವಿತಾ ಅಂಗಳದ ಹಸಿ ನೆಲದಲ್ಲಿ ಕೂತು ಬೆರಳಿನಿಂದ ಗೆರೆ ಎಳೆಯತೊಡಗಿದಳು: ಬಾವಿ, ಬದು, ತಗ್ಗು, ಹಳ್ಳ. ಅಪ್ಪ ಧೋತರ ಎತ್ತಿಕಟ್ಟಿ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತರು. ನಡುವೆ ಏರು ಬಂದರೆ ನೀರು ಹೇಗೆ ಹೋದೀತೆಂದು ಕೇಳಿದರು. ಬದುವಿನ ಗುಂಟ ಬಳಸಿಕೊಂಡು ಹೋಗಬೇಕೆಂದು ಅವಳು ತೋರಿಸಿದಳು. ಪಂಕ್ತಿ ಕೂತಾಗಿತ್ತು, ರೊಟ್ಟಿ ಬಡಿಸಿಯಾಗಿತ್ತು. “ಏಳ್ರಿ, ಊಟಕ್ಕ ಬರ್ರಿ” ಎಂದು ನಾನು ಕರೆದೆ. ಅವರು ಗೆರೆಯಿಂದ ಕಣ್ಣು ಕೀಳದೆ, ಕೈಯೆತ್ತಿ ನನ್ನನ್ನು ತಡೆದರು.

“ತಡೀರಿ ಮೇಡಂ, ಆಕಿ ಮಾತು ಮುಗೀಲಿ.”